ದೇವರ ಹೂವು, ಅತ್ತೆಯ ಮೂಗು

ನಮ್ಮತ್ತೆ ಹೂ ಬಿಡಿಸುವುದನ್ನು ಹೊಸಬರು ನೋಡಿದರೆ, ಇವರಿಗೂ ಗುಲಾಬಿ ಗಿಡಗಳಿಗೂ ಮಾತು ಬಿಟ್ಟಿದೆ ಅಂದುಕೊಂಡಾರು. ಬೆತ್ತದ ಬುಟ್ಟಿಯನ್ನು ಮೈಯಿಂದ ಆದಷ್ಟು ದೂರ ಹಿಡಿದಿರುತ್ತಾರೆ. ಮುಖ ಬೀದಿಯ ಕಡೆಗಿರುತ್ತದೆ. ಕೈ ಮಾತ್ರ ಗಿಡದೊಳಗೆ ಹೋಗಿ, ಮುಳ್ಳಿಗೆ ತಾಗದೆ, ತೊಟ್ಟನ್ನು ಉಗುರಿನಲ್ಲಿ ಚಿವುಟಿಕೊಂಡು ಬರುತ್ತದೆ. ಮದುವೆಯಾಗಿ ಜಯಲಕ್ಷ್ಮಿಪುರದ ಈ ಮನೆಗೆ ಬಂದ ಹೊಸತರಲ್ಲಿ ನಾನು ಕಿಟಕಿಯಲ್ಲಿ ನಿಂತು ಇದನ್ನು ನೋಡಿ ನಕ್ಕಿದ್ದೆ. ನಕ್ಕಿದ್ದು ಅವರಿಗೆ ಕೇಳಿಸಿತ್ತು ಕೂಡ.

ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ದೇವರಿಗೆ ಏರಿಸುವ ಹೂವನ್ನು ನಾವು ಮೊದಲು ಮೂಸಬಾರದು. ಮೂಸಿದರೆ ಅದು ಎಂಜಲು. ಬೇರೆ ಮನೆಗಳಲ್ಲಿ ಇದನ್ನು ಹೇಳಿ ಮಕ್ಕಳನ್ನು ಒಂದು ಸಲ ಗದರುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮತ್ತೆ ಹಾಗಲ್ಲ, ಹಿಡಿದರೆ ಹಿಡಿದದ್ದೇ. ನಮ್ಮ ಕಾಂಪೌಂಡಿನೊಳಗೆ ಅರಳಿದ ಹೂವೆಲ್ಲ ದೇವರದ್ದು, ಅರಳಲಿರುವ ಮೊಗ್ಗೂ ದೇವರದ್ದೇ. ನಮ್ಮ ಪಾಲಿಗೆ ಬರುವುದು ಮರುದಿನ ಬೆಳಿಗ್ಗೆ ದೇವರ ಮೇಲಿಂದ ತೆಗೆದ ಬಾಡಿದ ಹೂವು. ಅದನ್ನು ಅವರು ಕಣ್ಣಿಗೊತ್ತಿಕೊಂಡು, ಕಣ್ಣುಮುಚ್ಚಿ ಒಂದು ಗಳಿಗೆ ಮೂಸಿ, ಆಮೇಲೆ ಗಿಡದ ಬುಡಕ್ಕೆ ಹಾಕುತ್ತಿದ್ದರು.

ನಾನು ಕೃಷ್ಣಮೂರ್ತಿಪುರದ ವಠಾರದಲ್ಲಿ ಬೆಳೆದವಳು. ಎಣ್ಣೆ ಡಬ್ಬದಲ್ಲಿ ಒಂದು ತುಳಸಿ, ಇನ್ನೊಂದರಲ್ಲಿ ದೊಡ್ಡಪತ್ರೆ, ಅದೇ ನಮ್ಮ ತೋಟ. ಹಾಗಾಗಿ ಈ ಮನೆಯಲ್ಲಿ ಕಂಡ ಮೊದಲ ವಸಂತವನ್ನು ನಾನು ಮರೆಯುವ ಹಾಗೇ ಇಲ್ಲ. ದಸರಾ ಮುಗಿದ ಮೇಲೆ ಅತ್ತೆ ಗುಲಾಬಿ ಗಿಡಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಕಿದ್ದರು. ಚೆನ್ನಾಗಿದ್ದ ಗಿಡಕ್ಕೆ ಹೀಗೆ ಮಾಡುತ್ತಾರಲ್ಲ, ಇವರಿಗೇನು ತಲೆ ಕೆಟ್ಟಿದೆಯಾ ಅನ್ನಿಸಿತ್ತು. ನೋಡನೋಡುತ್ತ ಆ ಬೋಳು ಕಡ್ಡಿಗಳ ಮೈಯಲ್ಲಿ ಕೆಂಪು ಕಣ್ಣುಗಳು ಒಡೆದವು, ಚಿಗುರಾದವು, ಚಿಗುರಿನ ತುದಿಗೆ ಮೊಗ್ಗು ಬಂತು. ಶಿವರಾತ್ರಿಯ ಹೊತ್ತಿಗೆ ಕಾಂಪೌಂಡಿನ ಉದ್ದಕ್ಕೂ ಗುಲಾಬಿ ತುಂಬಿ ನಿಂತಿತ್ತು. ತೆಳು ಗುಲಾಬಿ ಬಣ್ಣದ ಪನ್ನೀರು ಹೂವು, ಬೆಣ್ಣೆಯ ಬಣ್ಣದ್ದು, ಕಪ್ಪೋ ಕೆಂಪೋ ಹೇಳಲಾಗದ ಇನ್ನೊಂದು. ಗೇಟಿನ ಪಕ್ಕದಲ್ಲಿ ಡೇಲಿಯಾ, ಅದರ ಕೆಳಗೆ ನೆಲವೇ ಕಾಣದ ಹಾಗೆ ಫ್ಲಾಕ್ಸ್‌ನ ಪುಟ್ಟ ಹೂಗಳು. ಒಣಕಡ್ಡಿಯೊಳಗೆ ಇಷ್ಟೆಲ್ಲ ಬಣ್ಣ ಎಲ್ಲಿ ಅಡಗಿತ್ತು? ನಾನು ಕಾಫಿ ಲೋಟ ಹಿಡಿದು ನಿಂತವಳು ಕಾಫಿ ಆರಿಹೋಗುವವರೆಗೂ ನಿಂತೇ ಇದ್ದೆ.

ಹಿತ್ತಲಿನಲ್ಲಿ ತರಕಾರಿ ಪಾತಿಗಳು. ಬದನೆ, ಟೊಮೇಟೊ, ಹುರುಳಿಕಾಯಿ, ಒಂದು ಪಾತಿ ತುಂಬ ಸೊಪ್ಪು. ಎಲೆಕೋಸು ತನ್ನನ್ನು ತಾನೇ ಎಲೆಯೆಲೆಯಾಗಿ ಸುತ್ತಿಕೊಳ್ಳುವುದನ್ನು ನಾನು ಮೊದಲು ಕಂಡದ್ದು ಅಲ್ಲೇ. ಮಾರುಕಟ್ಟೆಯಿಂದ ತಂದು ಕತ್ತರಿಸುವಾಗ ಅದರೊಳಗೆ ಯಾರೋ ಮಡಿಸಿಟ್ಟ ಹಾಗಿರುತ್ತದಲ್ಲ, ಹೇಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಇದೆಲ್ಲ ಹಳೆಯ ಮಾತು. ನಾನು ಹೇಳಹೊರಟದ್ದು ಈಚಿನ ಸಂಗತಿ. ಮಳೆಗಾಲದ ಕೊನೆಗೆ ಮನೆಯವರಿಗೆಲ್ಲ ಜ್ವರ ಬಂತು. ನನಗೆ ಬಂತು, ಹೋಯಿತು. ನಮ್ಮ ಯಜಮಾನರಿಗೆ ಬಂತು, ಅವರು ಮನೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡರು, ಹೋಯಿತು. ಅತ್ತೆಗೆ ಬಂದದ್ದೂ ಅಂಥದ್ದೇ ಜ್ವರ. ಎಂಬತ್ತರ ಹತ್ತಿರದ ಜೀವ, ನಾವು ಹೆದರಿದ್ದೆವು. ಅವರೇ ಎಲ್ಲರಿಗಿಂತ ಮೊದಲು ಎದ್ದು ತೋಟಕ್ಕೆ ಹೋದರು. ಗೆದ್ದೆವು ಅಂದುಕೊಂಡೆವು.

ಅವರೇಕಾಯಿ ಕಾಲ ಬಂದಾಗ ಗೊತ್ತಾಯಿತು. ಅವರೇಕಾಯಿಯನ್ನು ನಮ್ಮತ್ತೆ ಕಣ್ಣಲ್ಲಿ ನೋಡಿ ಕೊಳ್ಳುವವರಲ್ಲ. ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಒಯ್ದು, ಸೊಗಡು ಇದ್ದರೆ ಸರಿ, ಇಲ್ಲದಿದ್ದರೆ ಮುಂದಿನ ಗಾಡಿ. ಆವತ್ತು ಗೇಟಿನಲ್ಲಿ ಕಾಯಿ ಎತ್ತಿ ಮೂಸಿದರು. ಇನ್ನೊಂದು ಹಿಡಿ ಎತ್ತಿದರು. ಬುಟ್ಟಿಯ ತಳಕ್ಕೆ ಕೈ ಹಾಕಿ ಮತ್ತೊಂದು ಹಿಡಿ ತೆಗೆದರು.

"ಯಾಕಮ್ಮಾ, ಈ ಸಲ ಸೊಗಡೇ ಇಲ್ವಲ್ಲ?"

ಮಾರುವ ಹೆಂಗಸಿಗೆ ಸಿಟ್ಟೇ ಬಂತು. "ಏನವ್ವಾ ನೀವು? ಬೀದಿಗೆಲ್ಲ ಘಮ್ಮಂತದೆ, ನಿಮಗೆ ಬರಾಕಿಲ್ವಾ?"

ನಾನು ಮೆಟ್ಟಿಲ ಮೇಲಿದ್ದೆ. ನನಗೆ ಅಲ್ಲಿಗೇ ಬರುತ್ತಿತ್ತು ಸೊಗಡು. ಅತ್ತೆ ತಿರುಗಿ ನನ್ನ ಮುಖ ನೋಡಿದರು. ನಾನು ಸುಳ್ಳು ಹೇಳಬಹುದಿತ್ತು, ಹೌದು ಅತ್ತೆ ಏನೂ ಇಲ್ಲ ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ.

ಆಮೇಲೆ ಒಂದೊಂದೇ ಹೊರಗೆ ಬಿತ್ತು. ಜ್ವರ ಬಿಟ್ಟಾಗಿನಿಂದಲೂ ಅವರಿಗೆ ವಾಸನೆ ಇಲ್ಲವಂತೆ. ಬರುತ್ತೆ ಬರುತ್ತೆ ಅಂತ ಸುಮ್ಮನಿದ್ದರಂತೆ. ಸಾರಿಗೆ ಇಂಗು ಬಿತ್ತೋ ಇಲ್ಲವೋ ತಿಳಿಯದೆ ಎರಡೆರಡು ಸಲ ಹಾಕಿದ್ದಂತೆ. ನಾವು ಉಂಡು, ಏನೋ ವಯಸ್ಸಾಯಿತು ಅಂದುಕೊಂಡಿದ್ದೆವು. ಒಂದು ದಿನ ಒಲೆಯ ಮುಂದೆ ನಿಂತೇ ಇದ್ದಾರೆ, ಪಾತ್ರೆಯಲ್ಲಿ ಹಾಲು ಸೀದು ತಳಹಿಡಿದು ಹೊಗೆಯಾಡುತ್ತಿದೆ, ಅವರಿಗೆ ಗೊತ್ತೇ ಇಲ್ಲ. ನಾನು ಓಡಿಬಂದು ಗ್ಯಾಸ್ ಆರಿಸಿದೆ. ಅಂದಿನಿಂದ ಅವರು ಅಡುಗೆಮನೆಗೆ ಬರುವುದನ್ನು ಬಿಟ್ಟರು.

ಅಡುಗೆಯನ್ನಷ್ಟೇ ಬಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಊಟವನ್ನೂ ಬಿಡುತ್ತ ಬಂದರು. "ಮಣ್ಣು ತಿಂದ ಹಾಗಿರತ್ತೆ ಕಣೇ. ಉಪ್ಪು ಗೊತ್ತಾಗತ್ತೆ, ಖಾರ ಗೊತ್ತಾಗತ್ತೆ. ಮಿಕ್ಕಿದ್ದು ಮಣ್ಣು." ಎರಡು ತುತ್ತು ಅನ್ನ, ಒಂದು ಲೋಟ ಮಜ್ಜಿಗೆ, ಕೈ ತೊಳೆದರು. ರವಿಕೆಯ ತೋಳು ಸಡಿಲವಾಯಿತು. ಕತ್ತಿನ ಬುಡದಲ್ಲಿ ಮೂಳೆ ಎದ್ದು ಕಾಣತೊಡಗಿತು. ಏನು ಮಾಡಿ ಬಡಿಸಿದರೂ ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು. ನನಗೆ ಭಯವಾಯಿತು, ನಿಜವಾದ ಭಯ. ಈ ಮೂಗು ಮತ್ತೆ ತೆರೆಯದಿದ್ದರೆ ಇವರು ಹೀಗೇ ಕರಗಿಹೋಗುತ್ತಾರೆ ಅನ್ನಿಸಿತು.

ಕಿವಿ-ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮಾಧಾನದವಳು. "ಅಜ್ಜಿ, ಇದಕ್ಕೆ ಮಾತ್ರೆಗಿಂತ ಅಭ್ಯಾಸ ಮುಖ್ಯ. ಮೂಗಿಗೆ ವಾಪಸ್ ಪಾಠ ಹೇಳ್ಕೊಡ್ಬೇಕು. ದಿನಾ ಬೆಳಿಗ್ಗೆ ಸಂಜೆ ಗುಲಾಬಿ, ನಿಂಬೆಹಣ್ಣು, ಲವಂಗ, ನೀಲಗಿರಿ ಎಣ್ಣೆ, ಒಂದೊಂದನ್ನೂ ಮನಸ್ಸಿಟ್ಟು ಮೂಸಿ. ಬರಬಹುದು, ಬರದೇನೂ ಇರಬಹುದು. ತಡ ಮಾಡಿದಷ್ಟೂ ಕಷ್ಟ." ಆಮೇಲೆ ಕೇಳಿದಳು, "ಮನೇಲಿ ಗುಲಾಬಿ ಇದ್ಯಾ ಅಜ್ಜಿ?"

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಗುಲಾಬಿ ಇದೆಯಾ ಅಂತ ಕೇಳುತ್ತಿದ್ದಾಳಲ್ಲ! ನಾನು ನಗಲಿಲ್ಲ. ನಾನು ಅತ್ತೆಯ ಮುಖ ನೋಡುತ್ತಿದ್ದೆ. ಅದು ಆಗಲೇ ಗಂಟಿಕ್ಕಿತ್ತು.

ಮನೆಗೆ ಬಂದದ್ದೇ ವಾದ ಶುರು.

"ಡಾಕ್ಟ್ರು ಮೂಸಿ ಅಂದಿದಾರೆ ಅತ್ತೆ."

"ಅವಳು ಮೂಗಿಗೆ ಡಾಕ್ಟ್ರು ಕಣೇ. ದೇವರ ಮನೆಗಲ್ಲ."

"ಒಂದೇ ಒಂದು ಹೂವು. ದೇವರಿಗೇನು ಕಡಿಮೆ ಆಗತ್ತಾ?"

"ಅವನಿಗೆ ಕಡಿಮೆ ಆಗತ್ತೆ ಅಂತ ನಾನೆಲ್ಲಿ ಹೇಳಿದೆ? ನಾನು ಮಾಡಲ್ಲ ಅಷ್ಟೇ."

ನನಗೂ ಹಟ ಬಂತು. ನನ್ನ ಬಾಯಿ ನಮ್ಮ ನೆಂಟರಿಗೆಲ್ಲ ಗೊತ್ತು. "ಅಲ್ಲಾ ಅತ್ತೆ, ನಿಮಗೆ ವಾಸನೇನೇ ಬರಲ್ಲ. ಬರದೆ ಇದ್ದ ಮೇಲೆ ಮೂಸಿದ್ರೂ ಅದು ಮೂಸಿದ ಹಾಗೆ ಹೇಗಾಗತ್ತೆ? ಹೂವಿಗೇನು ಎಂಜಲು?"

ಗೆದ್ದೆ ಅಂದುಕೊಂಡೆ.

"ಬರತ್ತೇನೋ ಅನ್ನೋ ಆಸೆಗೆ ತಾನೇ ಮೂಗು ಹತ್ರ ಒಯ್ಯೋದು? ಆ ಆಸೆ ತಗಲಿದ್ರೆ ಸಾಕು, ಎಂಜಲೇ."

ಬೇಕಾದರೆ ನಿರ್ಮಾಲ್ಯ ಮೂಸುತ್ತೇನೆ ಅಂದರು. ದೇವರ ಮೇಲಿದ್ದ ಹಿಂದಿನ ದಿನದ ಗುಲಾಬಿಯನ್ನು ತೆಗೆದು ನಾನೇ ಮೊದಲು ಮೂಸಿದೆ. ಕುಂಕುಮ, ಕರ್ಪೂರ, ಎಣ್ಣೆಯ ವಾಸನೆ ಬಂತೇ ಹೊರತು ಗುಲಾಬಿಯದ್ದು ಇದ್ದೂ ಇಲ್ಲದ ಹಾಗಿತ್ತು. ಆಗ ಹೊಳೆಯಿತು ನನಗೆ, ಹೊಳೆದು ಅಲ್ಲೇ ಕುಕ್ಕರಿಸಿದೆ. ಮದುವೆಯಾಗಿ ಬಂದಾಗಿನಿಂದ ಗುಲಾಬಿ ಬೆಳೆದಿರುವ ಈ ಹೆಂಗಸಿಗೆ ಗಿಡದ ಮೇಲಿನ ಗುಲಾಬಿಯ ವಾಸನೆ ಹೇಗಿರುತ್ತದೆ ಅಂತ ಗೊತ್ತೇ ಇಲ್ಲ! ಗೊಬ್ಬರ ಹೊತ್ತರು, ಹುಳ ಆರಿಸಿದರು, ಮುಳ್ಳು ಚುಚ್ಚಿಸಿಕೊಂಡರು. ಬೀದಿಯಲ್ಲಿ ವಾಕಿಂಗ್ ಹೋಗುವವರು ಕಾಂಪೌಂಡಿನ ಮೇಲೆ ಬಾಗಿ ಮೂಸಿ, ಆಹಾ ಅಂದು ಹೋದರು. ಇವರು ಮಾತ್ರ ಮುಖ ತಿರುಗಿಸಿಕೊಂಡೇ ಇದ್ದರು. ಇಂಥವರೂ ಇರುತ್ತಾರಾ ಅನ್ನಿಸಿತು. ಸಿಟ್ಟೂ ಬಂತು, ಕೈಮುಗಿಯಬೇಕು ಅಂತಲೂ ಅನ್ನಿಸಿತು.

ಸರಿ, ದೇವರಿಗೆ ಸೇರದ ಒಂದು ಗುಲಾಬಿ ಗಿಡವೇ ಬೇಕು ಅಂತ ಉಪಾಯ ಮಾಡಿದೆ. ಅತ್ತೆಯೂ ಒಪ್ಪಿದರು: "ಮೊದಲೇ ಹೇಳಿ ನೆಟ್ರೆ ಅಡ್ಡಿ ಇಲ್ಲ. ಅದು ಮೂಗಿನ ಗಿಡ ಅಂತ ಅಂದ್ಕೊಂಡ್ರಾಯ್ತು." ನಾನೂ ಯಜಮಾನರೂ ನರ್ಸರಿಗೆ ಹೋಗಿ, ಇದ್ದುದರಲ್ಲೆಲ್ಲ ದೊಡ್ಡ ಹೂವಿನ ಗಿಡ ಆರಿಸಿ ತಂದೆವು. ಒಂದೊಂದು ಹೂವೂ ಅಂಗೈ ತುಂಬ, ಕಿತ್ತಳೆಯೂ ಕೆಂಪೂ ಬೆರೆತ ಬಣ್ಣ. ಕುಂಡವನ್ನು ಜಗಲಿಯ ಮೇಲಿಟ್ಟು, ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿದೆವು. ಅವರು ಅಳುಕುತ್ತ ಬಾಗಿ ಮೂಸಿದರು. ತಲೆ ಆಡಿಸಿದರು. ಮತ್ತೆ ಮೂಸಿದರು. ಎಷ್ಟು ದಿನ ಹೀಗೇ ನಡೆಯಿತೋ. ಒಂದು ಬೆಳಿಗ್ಗೆ "ನೀನೂ ನೋಡು, ಹೇಗಿದೆ ಹೇಳು" ಅಂದರು. ನಾನು ಬಾಗಿ ಮೂಗು ತುಂಬ ಉಸಿರೆಳೆದುಕೊಂಡೆ.

"ಅತ್ತೆ..."

"ಏನೇ?"

"ನನಗೂ ಏನೂ ಬರ್ತಿಲ್ಲ."

ಯಜಮಾನರನ್ನು ಕರೆದು ಮೂಸಿಸಿದೆ. ಅವರಿಗೂ ಇಲ್ಲ. ಚೆಂದಕ್ಕೆ ಮರುಳಾಗಿ ವಾಸನೆಯೇ ಇಲ್ಲದ ಜಾತಿಯ ಗುಲಾಬಿ ತಂದಿದ್ದೆವು! ದೇವರಿಗೆ ಬೇಡದ್ದನ್ನು ಹುಡುಕಲು ಹೋಗಿ ಯಾರಿಗೂ ಬೇಡದ್ದನ್ನು ತಂದಿರಲ್ಲ ಅಂತ ಅತ್ತೆ ನಗತೊಡಗಿದರು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡರು. ಆಮೇಲೆ "ಸಾಕು ಬುಡು. ನನ್ನ ಹಣೇಲಿಲ್ಲ" ಅಂದು ಒಳಗೆ ಹೋದರು. ಆವತ್ತು ಮಜ್ಜಿಗೆಯನ್ನೂ ಕುಡಿಯಲಿಲ್ಲ.

ನಾನು ಬಿಡುವವಳಲ್ಲ. ಗುಲಾಬಿ ದೇವರದ್ದಾದರೆ ಆಗಲಿ, ಹಿತ್ತಲ ಪಾತಿಗಳು ನಮ್ಮವು ತಾನೇ? ಮರುದಿನ ಬೆಳಿಗ್ಗೆ ಅವರ ಕೈ ಹಿಡಿದು ಹಿತ್ತಲಿಗೆ ನಡೆಸಿಕೊಂಡು ಹೋದೆ. ಪುದೀನ ಕಿತ್ತು ಅಂಗೈಯಲ್ಲಿ ಹೊಸಕಿ ಅವರ ಮೂಗಿಗೆ ಹಿಡಿದೆ. ಕೊತ್ತಂಬರಿ ಹಿಡಿದೆ. ಸಬ್ಬಸಿಗೆ, ನಿಂಬೆಯ ಎಲೆ, ಕರಿಬೇವು. ಏನೂ ಇಲ್ಲ. ಟೊಮೇಟೊ ಎಲೆಯನ್ನು ತಿಕ್ಕಿ ಹಿಡಿದಾಗ ಅವರು ಕೇಳಿದರು, "ಇದು ಹೇಗಿರತ್ತೆ? ನನಗೆ ಮರ್ತೇಹೋಗಿದೆ. ಬಾಯಲ್ಲಿ ಹೇಳು."

ನಾನು ಮೂಸಿ ಹೇಳಲು ಹೋದೆ. ಅದು ಹೇಗಿದೆ ಅಂತ ಹೇಳಲಿ? ಹಸಿರು ಅನ್ನಲೇ? ಹುಳಿಯೂ ಅಲ್ಲ, ಕಹಿಯೂ ಅಲ್ಲ, ಗಂಟಲಿಗೆ ಇಳಿದು ಅಲ್ಲೇ ಕೂರುವ ಏನೋ. "ಮಳೆ ಬಿದ್ದ ಮೇಲೆ ಕಬ್ಬಿಣದ ಗೇಟು ಮುಟ್ಟಿದ್ರೆ ಕೈಗೊಂದು ವಾಸನೆ ಬರತ್ತಲ್ಲ ಅತ್ತೆ, ಅದಕ್ಕೆ ಸ್ವಲ್ಪ ಸೊಪ್ಪು ಬೆರೆಸಿದ ಹಾಗೆ" ಅಂದೆ. ಅವರು ಕಣ್ಣುಮುಚ್ಚಿ ಯೋಚಿಸಿ, "ಹೂಂ, ಹೂಂ, ಹೌದು, ಹಾಗೇ" ಅಂದರು. ಮೂಗಿಗೆ ಬಂದದ್ದಲ್ಲ, ನೆನಪಿಗೆ ಬಂದದ್ದು.

ಅಲ್ಲಿಂದ ಇದೇ ನಮ್ಮ ಕೆಲಸವಾಯಿತು. ಅವರು ಮೂಸುವುದು, ನಾನು ಹೇಳುವುದು. ಇಷ್ಟು ವರ್ಷ ಈ ಹಿತ್ತಲಿನಲ್ಲಿ ಓಡಾಡಿದವಳು ನಾನು, ಒಂದನ್ನೂ ಸರಿಯಾಗಿ ಮೂಸಿರಲಿಲ್ಲ. ನೀರು ಹಾಕುವ ಮೊದಲು ಮಣ್ಣಿಗೆ ಒಂದು ವಾಸನೆ, ಹಾಕಿದ ಮೇಲೆ ಇನ್ನೊಂದು. ಮೆಂತ್ಯದ ಎಳೆಗಿಡದಲ್ಲಿ ಒಂದು, ಬಲಿತ ಮೇಲೆ ಬೇರೆ. ಬದನೆ ಹೂವಿಗೆ ವಾಸನೆಯೇ ಇಲ್ಲ ಅಂದುಕೊಂಡಿದ್ದೆ, ಇದೆ, ಬಿಸಿಲು ಏರುವ ಮೊದಲು ಒಂದಿಷ್ಟು. ಕ್ಯಾರೆಟ್ ಕಿತ್ತಾಗ ಮೂಗಿಗೆ ಮೊದಲು ಮಣ್ಣು ಬರುತ್ತದೆ, ಹಿಂದೆಯೇ ಸಿಹಿ ಬರುತ್ತದೆ. ಅಯ್ಯೋ ದೇವರೇ, ಇಷ್ಟೆಲ್ಲ ಇಲ್ಲೇ ಇತ್ತಾ ಅಂತ ನಾನು ಪಾತಿಯ ಅಂಚಿನಲ್ಲಿ ಕೂತು ಬೆರಗಾಗುತ್ತಿದ್ದೆ. ನನಗೆ ಸಿಕ್ಕಿದ್ದು ಅವರಿಗೆ ಹೋದದ್ದರಿಂದ ಅನ್ನುವುದು ನೆನಪಾದ ಕೂಡಲೇ ನಾಚಿಕೆಯಾಗುತ್ತಿತ್ತು.

ಅವರಿಗೆ ಮಾತ್ರ ಏನೂ ಬರಲಿಲ್ಲ. ಚಳಿ ಕಳೆಯಿತು. ಬೀದಿಯ ಕೊನೆಯ ಮರ ಎಲೆಯೆಲ್ಲ ಉದುರಿಸಿ ಗುಲಾಬಿ ಬಣ್ಣದ ಹೂವಷ್ಟೇ ಹೊತ್ತು ನಿಂತಿತು. ಆ ವರ್ಷ ನಮ್ಮ ಗುಲಾಬಿ ಗಿಡಗಳಿಗೆ ಏನಾಗಿತ್ತೋ, ಹುಚ್ಚು ಹಿಡಿದ ಹಾಗೆ ಬಿಟ್ಟವು. ಪನ್ನೀರಿನ ಕೊಂಬೆಗಳು ಭಾರಕ್ಕೆ ದಾರಿಗೇ ಬಾಗಿದವು. ಅತ್ತೆ ಮಾತ್ರ ಇನ್ನೂ ಸಣ್ಣಗಾಗಿದ್ದರು. ಬುಟ್ಟಿ ಹಿಡಿದು ಎರಡು ಗಿಡಕ್ಕೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ನಾನು ಬಿಡಿಸುತ್ತೇನೆ ಅಂದರೆ ಕೊಡರು. ಹಿತ್ತಲಿಗೆ ಬನ್ನಿ ಅಂದರೆ, "ಇವತ್ತು ಬೇಡ ಕಣೇ, ನಾಳೆ" ಅನ್ನತೊಡಗಿದರು. ಆಮೇಲೆ ನಾಳೆ ಅನ್ನುವುದೂ ನಿಂತಿತು. ಡಾಕ್ಟರು ಹೇಳಿದ ಮಾತು ನನ್ನ ತಲೆಯಲ್ಲಿ ತಿರುಗುತ್ತಿತ್ತು: ತಡವಾದಷ್ಟೂ ಕಷ್ಟ.

ಯುಗಾದಿ ಹತ್ತಿರವಿದ್ದ ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರ್ ಎತ್ತಿಕೊಳ್ಳುತ್ತಿದ್ದೆ. ಅತ್ತೆ ಎಂದಿನಂತೆ ಮುಖ ಆಚೆ ಮಾಡಿಕೊಂಡು ಹೂ ಬಿಡಿಸುತ್ತಿದ್ದರು. ಬುಟ್ಟಿ ತುಂಬಿತ್ತು. ಹೊರಡಲು ತಿರುಗಿದರು, ಸೆರಗು ಪನ್ನೀರು ಗಿಡದ ಮುಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಬಾಗಿ ಸೆರಗನ್ನು ಎಳೆದರು. ಬಾಗಿದ್ದ ಕೊಂಬೆ ಸೆರಗಿನ ಜೊತೆಗೇ ಮೇಲೆದ್ದು, ಅದರ ತುದಿಯ ಹೂಗೊಂಚಲು ನೇರ ಅವರ ಮುಖಕ್ಕೆ ಬಡಿಯಿತು.

ಮುಳ್ಳು ಕಣ್ಣಿಗೆ ತಾಗಿತೋ ಏನೋ ಅಂತ ನಾನು ಪೇಪರ್ ಬಿಸಾಕಿ ಓಡಿದೆ. ಅವರು ಅಲುಗಾಡದೆ ನಿಂತಿದ್ದರು. ಕಣ್ಣು ಅಗಲವಾಗಿತ್ತು. ಕೊಂಬೆ ಇನ್ನೂ ಕೆನ್ನೆಗೆ ಒರಗಿಯೇ ಇತ್ತು.

"ಅತ್ತೆ? ಕಣ್ಣಿಗೇನಾದ್ರೂ ತಗುಲ್ತಾ?"

ಇಲ್ಲ ಅನ್ನುವಂತೆ ಕೈ ಆಡಿಸಿದರು. ಮೆಲ್ಲಗೆ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು.

"ಇದು ಹಿಂಗಿರತ್ತೇನೇ?" ಅಂದರು. ದನಿ ಸಣ್ಣ ಮಗುವಿನದ್ದಾಗಿತ್ತು. "ಇಷ್ಟು ದಿನಾನೂ ಇದು ಹಿಂಗೇ ಇತ್ತಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ರೀ! ರೀ, ಬನ್ರೀ ಇಲ್ಲಿ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಯಜಮಾನರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದರು. ಅತ್ತೆ ಆಗ ಅಳುತ್ತಿದ್ದರು. ಅಳುತ್ತಲೇ ಆ ಗೊಂಚಲನ್ನು ಚಿವುಟಿಕೊಂಡು, "ಇದು ದೇವ್ರಿಗಾಗಲ್ಲ ಕಣೋ. ನಾನೇನೂ ಮೂಸಕ್ಕೆ ಹೋಗ್ಲಿಲ್ಲ, ಅದೇ ಬಂದ್ಬುಡ್ತು" ಅಂತ ಮಗನಿಗೆ ಸಮಜಾಯಿಷಿ ಹೇಳುತ್ತಿದ್ದರು. ಅವರು ಬ್ರಷ್ಷು ತೆಗೆಯುವುದನ್ನೂ ಮರೆತು ಅಮ್ಮನ ಕೈ ಹಿಡಿದುಕೊಂಡರು.

ಇಬ್ಬರೂ ಸೇರಿ ಅವರನ್ನು ಜಗಲಿಯ ಮೆಟ್ಟಿಲ ಮೇಲೆ ಕೂರಿಸಿದೆವು. ಆ ಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರವೇ ಇಟ್ಟುಕೊಂಡಿದ್ದರು. ಅದನ್ನು ಮಡಿಲಲ್ಲಿಟ್ಟರು. ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬೆಣ್ಣೆ ಬಣ್ಣದ ಒಂದು ಗುಲಾಬಿಯನ್ನು ಎತ್ತಿದರು. ಎತ್ತಿ ಸೀದಾ ಮೂಗಿಗೆ ಹಿಡಿದರು.

"ಅತ್ತೆ! ಅದು ದೇವ್ರದ್ದು!" ನಾನೇ ಕೂಗಿದೆ ನೋಡಿ, ನಾನು.

"ಸುಮ್ನಿರೇ" ಅಂದರು.

ಅದು ಬರಲಿಲ್ಲವೇನೋ, ಪಕ್ಕಕ್ಕಿಟ್ಟು ಕಪ್ಪುಗೆಂಪಿನದನ್ನು ಎತ್ತಿದರು. ಅದು ಸ್ವಲ್ಪ ಬಂದಿರಬೇಕು, ಹುಬ್ಬು ಮೇಲೇರಿತು. ಆಮೇಲೆ ಒಂದು ಮಲ್ಲಿಗೆ, ಮತ್ತೆ ಪನ್ನೀರು, ಮತ್ತೊಂದು ಪನ್ನೀರು. ಬಿಸಿಲು ಮೆಟ್ಟಿಲ ಮೇಲಕ್ಕೆ ಬಂತು, ವಾಕಿಂಗ್‌ನವರು ಗೇಟಿನ ಹೊರಗೆ ನಿಂತು ನೋಡಿದರು, ಒಳಗೆ ಹಾಲು ಉಕ್ಕಿ ಹರಿದದ್ದು ನನಗೆ ಆಮೇಲೆ ಗೊತ್ತಾಯಿತು. ಅತ್ತೆ ಬುಟ್ಟಿಯ ತಳ ಕಾಣುವವರೆಗೂ ಒಂದೊಂದಾಗಿ ಎತ್ತಿ ಮೂಸಿದರು. ಆವತ್ತು ದೇವರಿಗೆ ಬರೀ ಅಕ್ಷತೆ ಹಾಕಿ ಮಂಗಳಾರತಿ ಮಾಡಿದೆವು. ಅತ್ತೆ ಒಂದು ಹೂವನ್ನೂ ಉಳಿಸಿರಲಿಲ್ಲ.